ಕೆರೆಗೆ ಇಳಿದವರ ಹೆಸರು

ಅಕ್ಕೋರ ಎಲ್ಲ ಸೀರೆಗಳ ಸೆರಗಿನ ತುದಿಯಲ್ಲೂ ಒಂದೊಂದು ಕೆಂಪು ಕಲೆ ಇರುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ ಪೆನ್ನಿನ ನಿಬ್ಬು ಕಟ್ಟಿಕೊಂಡರೆ ಒರೆಸಲು ಅವರು ಬಟ್ಟೆ ಹುಡುಕುತ್ತ ಕೂಡುತ್ತಿರಲಿಲ್ಲ, ಸೆರಗಿಗೇ ಒರೆಸಿಬಿಡುತ್ತಿದ್ದರು. ಹಬ್ಬಕ್ಕೆ ಉಡುವ ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಅದು ಕಾಣುತ್ತಿರಲಿಲ್ಲ. ಶಾಲೆಗೆ ಉಟ್ಟು ಬರುತ್ತಿದ್ದ ತಿಳಿಬಣ್ಣದ ವಾಯಿಲ್ ಸೀರೆಗಳಲ್ಲಿ ಮಾತ್ರ, ಎಷ್ಟು ಒಗೆದರೂ ಹೋಗದ ಆ ಕಲೆ, ಅವರು ಕರಿಹಲಗೆಯ ಕಡೆ ತಿರುಗಿದಾಗ ನೇರ ನಮ್ಮ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಅಕ್ಕೋರ, ಸೆರಗಿಗೆ ರಕ್ತ ಹತ್ತೇತಿ" ಎಂದಳು. ಅಕ್ಕೋರು ತಿರುಗಿಯೂ ನೋಡದೆ, "ಹೌದವಾ, ನಿನ್ನ ಕಾಗುಣಿತದ್ದು" ಎಂದರು.

ಉತ್ತರ ಕರ್ನಾಟಕದ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುವುದು ರೂಢಿ. ದಹಿಸರ್‌ನ ನಮ್ಮ ಮುನ್ಸಿಪಲ್ ಕನ್ನಡ ಶಾಲೆಯಲ್ಲಿ ನಾಲ್ಕೈದು ಶಿಕ್ಷಕಿಯರಿದ್ದರೂ ಅಕ್ಕೋರು ಎಂದರೆ ಇವರೊಬ್ಬರೇ. ಉಳಿದವರೆಲ್ಲ 'ಟೀಚರ್'. ಇವರು ವಿಜಯಪುರದ ಕಡೆಯ ಹಳ್ಳಿಯವರು, ಹತ್ತು ವರ್ಷದವರಿದ್ದಾಗ ಅವ್ವನ ಜೊತೆ ಮುಂಬಯಿಗೆ ಬಂದವರು, ಚಾಳ್‌ನ ಒಂದೇ ಕೋಣೆಯಲ್ಲಿ ಬೆಳೆದು ಮಂದಿಯ ಮನೆಯ ಪಾತ್ರೆ ತಿಕ್ಕುತ್ತಲೇ ಓದಿ ಶಿಕ್ಷಕಿಯಾದವರು ಎಂಬಷ್ಟೇ ನಮಗೆ ಗೊತ್ತಿತ್ತು. ರೈಲ್ವೆಯಲ್ಲಿದ್ದ ಗಂಡ ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಮ್ಮದೇ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಒಬ್ಬರೇ ಇರುತ್ತಿದ್ದರು. ನಾವು ಕೆಳಗೆ, ತಳಮಹಡಿಯಲ್ಲಿ. ನನ್ನ ಅಪ್ಪ ಧಾರವಾಡದಿಂದ ಬಂದು ಗ್ರಾಂಟ್ ರೋಡ್‌ನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ.

ನನ್ನ ಕಾಗುಣಿತವೂ ರಕ್ತ ಬರಿಸುವಂಥದ್ದೇ. ಓಣಿಯಲ್ಲಿ ಹಿಂದಿ, ತರಕಾರಿ ಕೊಳ್ಳುವಲ್ಲಿ ಮರಾಠಿ ಆಡಿ ಬೆಳೆದ ನನಗೆ ಎ ಯಾವುದು ಏ ಯಾವುದು, ಒ ಎಲ್ಲಿ ಓ ಎಲ್ಲಿ ತಿಳಿಯುತ್ತಿರಲಿಲ್ಲ. 'ಕೇರಿ' ಎಂದು ಬರೆಯುವಲ್ಲಿ 'ಕೆರಿ' ಎಂದು ಬರೆಯುತ್ತಿದ್ದೆ; ನಮ್ಮ ಕಡೆಯ ಮಾತಿನಲ್ಲಿ ಕೆರಿ ಎಂದರೆ ಕೆರೆ. ಅಕ್ಕೋರು ಅದನ್ನು ಸುತ್ತು ಹಾಕಿ, "ಕೆರಿ ಬ್ಯಾರೆ, ಕೇರಿ ಬ್ಯಾರೆ. ಒಂದು ದೀರ್ಘದಾಗ ಎಷ್ಟು ದೂರ ಐತಿ ಅಂತ ನಿನಗ ಗೊತ್ತಿಲ್ಲ" ಎಂದಿದ್ದರು. ವ್ಯಾಕರಣ ಹೇಳುತ್ತಿದ್ದಾರೆ ಎಂದುಕೊಂಡೆ.

ರವಿವಾರ ಬೆಳಿಗ್ಗೆ ಅವರ ಮನೆಗೆ ಬಂದು ಶುದ್ಧಬರಹ ಬರೆಯಬೇಕು ಎಂದು ನನಗೆ ಅಪ್ಪಣೆಯಾಯಿತು. ಮೊದಲ ರವಿವಾರ ಹೊರಡುವಾಗ ನನ್ನ ಅವ್ವ ಜಡೆ ಹೆಣೆಯುತ್ತ, "ಅಲ್ಲಿ ಏನರ ಕೊಟ್ರ ಹೊಟ್ಟಿ ತುಂಬ್ಯದ ಅನ್ನು. ನೀರೂ ಬ್ಯಾಡ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಆ ವಯಸ್ಸಿನಲ್ಲಿ ಮನೆಯಲ್ಲಿ ಎಷ್ಟೋ ಬೇಡಗಳಿರುತ್ತವೆ, ಅದೂ ಒಂದು.

ಮೇ ತಿಂಗಳ ಒಂದು ರವಿವಾರ. ಸೆಖೆ. ಎರಡು ಪುಟ ಬರೆಯುವಷ್ಟರಲ್ಲಿ ನನ್ನ ಗಂಟಲು ಒಣಗಿ, ಕಣ್ಣು ಮತ್ತೆಮತ್ತೆ ಮೂಲೆಯಲ್ಲಿದ್ದ ಮಾಠದ, ಅಂದರೆ ನೀರಿನ ಮಣ್ಣಿನ ಮಡಕೆಯ, ಕಡೆ ಹೋಗುತ್ತಿತ್ತು. ಅಕ್ಕೋರು ನೋಡಿದರು. ಪುಸ್ತಕದಲ್ಲಿ ಬೆರಳಿಟ್ಟು, "ನೀರಡಿಕೆ ಆಗೇತೇನು? ಮನಿಗೆ ಹೋಗಿ ಕುಡದು ಬಾ. ನಾ ಕಾಯ್ತೀನಿ" ಎಂದರು. ನಾನು ಮೂರು ಮಹಡಿ ಇಳಿದು, ಎರಡು ಲೋಟ ಕುಡಿದು, ಮೂರು ಮಹಡಿ ಹತ್ತಿ ಬಂದೆ. ಅವರು ಅದೇ ಪುಟದಲ್ಲಿ ಬೆರಳಿಟ್ಟುಕೊಂಡು ಕೂತಿದ್ದರು. ಎಂಥ ಶಿಸ್ತಿನ ಮನುಷ್ಯರು ಎಂದು ಅಂದು ನನಗನಿಸಿತು. ನನ್ನ ಅವ್ವನ ಮಾತನ್ನು ಅವರು ಊಹಿಸಿಬಿಟ್ಟಿದ್ದರು, ಎಂಟು ವರ್ಷದ ಹುಡುಗಿಯನ್ನು ಸುಳ್ಳು ಹೇಳುವ ಸಂಕಟಕ್ಕೆ ತಳ್ಳಬಾರದೆಂದು ಹಾಗೆ ಮಾಡಿದರು ಎಂಬುದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಕಾಲೇಜಿಗೆ ಹೋಗುವ ಕಾಲಕ್ಕೆ ನಾನೇ ಆ ಮಾಠದಿಂದ ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ಮೊದಲ ಸಲ ಹಾಗೆ ಕುಡಿದಾಗ ಅವರು ಪೇಪರು ಓದುತ್ತಲೇ ಇದ್ದರು.

ಅವರು ಕಲಿಸಿದ ಕನ್ನಡವೇ ನನಗೆ ಅನ್ನವಾಯಿತು. ಬಾಂದ್ರಾದ ಒಂದು ಜಾಹೀರಾತು ಕಂಪನಿಯಲ್ಲಿ, ಇಂಗ್ಲಿಷ್ ಹಿಂದಿಯಲ್ಲಿ ತಯಾರಾದ ಜಾಹೀರಾತುಗಳನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತು. ಸೋಪು, ಬಿಸ್ಕತ್ತು, ವಿಮೆ, ಸ್ಕೂಟರು. ನನ್ನ ಜಾಹೀರಾತು ಯಾವ ಪತ್ರಿಕೆಯಲ್ಲಿ ಬಂದರೂ ರವಿವಾರ ಅದನ್ನು ಮೂರನೆಯ ಮಹಡಿಗೆ ಒಯ್ಯುತ್ತಿದ್ದೆ. ನಿವೃತ್ತರಾಗಿದ್ದ ಅಕ್ಕೋರು ಕನ್ನಡಕ ಏರಿಸಿ ಅದನ್ನು ಉತ್ತರಪತ್ರಿಕೆಯಂತೆಯೇ ತಿದ್ದುತ್ತಿದ್ದರು. "ಚರ್ಮವನ್ನು ಮೃದುಗೊಳಿಸುತ್ತದೆ ಅಂತ ಬರದೀ. ಮೆತ್ತಗ ಮಾಡತೈತಿ ಅಂದ್ರ ನಿಮ್ಮ ಸೋಪು ಕರಗಿ ಹೋಗತೈತೇನು?" ಎಂದು ಕೇಳಿದ್ದುಂಟು. ಅವರು ಮತ್ತೆಮತ್ತೆ ಹೇಳುತ್ತಿದ್ದ ಮಾತೊಂದಿತ್ತು: "ಮನಶ್ಯಾರ್ನ ನೀ ಯಾವ ಮಂದಿ ಅಂತ ಕೇಳಬ್ಯಾಡ. ಶಬ್ದಾನ ಕೇಳು, ಎಲ್ಲಿಂದ ಬಂದಿ, ಯಾರ ಬಾಯಾಗ ಇದ್ದಿ ಅಂತ."

ನಾನು ಕೇಳದೆ ಬಿಟ್ಟ ಒಂದು ಶಬ್ದದ ಕಥೆಯನ್ನೇ ಈಗ ಹೇಳಬೇಕಾಗಿರುವುದು.

ನಮ್ಮ ಕಸುಬಿಗೆ ಒಂದು ಪಂಚಾಂಗವಿದೆ. ಮಾರ್ಚ್ ಬಂತೆಂದರೆ ಹೆಂಗಸರ ನೆನಪಾಗುತ್ತದೆ, ಆಗಸ್ಟಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು, ಏಪ್ರಿಲಿನಲ್ಲಿ ಸಮಾನತೆ. ಕೆಲವು ವರ್ಷಗಳ ಹಿಂದಿನ ಏಪ್ರಿಲಿಗೆ ನೀರು ಶುದ್ಧ ಮಾಡುವ ಯಂತ್ರ ಮಾರುವ ಕಂಪನಿಯೊಂದಕ್ಕೆ ನಾವು ದೊಡ್ಡ ಜಾಹೀರಾತು ಮಾಡಿದೆವು. ನಮ್ಮ ತಂಡದ ಮುಖ್ಯಸ್ಥ ಹಳೆಯ ಪತ್ರಿಕೆಯೊಂದರ ಚಿತ್ರಸಂಗ್ರಹದಿಂದ ಕಪ್ಪುಬಿಳುಪು ಫೋಟೋ ಒಂದನ್ನು ಹುಡುಕಿ ತೆಗೆದಿದ್ದ. ಕಲ್ಲಿನ ಮೆಟ್ಟಿಲಿಳಿದು ಕೆರೆಯಲ್ಲಿ ನಿಂತ ಹೆಂಗಸರು, ಸೊಂಟದ ಮೇಲೆ ಕೊಡ. ಒಬ್ಬಳ ಸೀರೆ ಹಿಡಿದುಕೊಂಡ ಒಂದು ಪುಟ್ಟ ಹುಡುಗಿ. ಕೆಳಗೆ, ನೀರಿನ ಹಕ್ಕಿಗಾಗಿ ಕೆರೆಗೆ ಇಳಿದ ದಲಿತ ಮಹಿಳೆಯರು ಎಂದು ಒಂದು ಸಾಲು. ಊರಿನ ಹೆಸರಿರಲಿಲ್ಲ.

"ದೇಖೋ, ಕ್ಯಾ ಪವರ್ ಹೈ ಇಸ್ ಮೇ," ಎಂದ ಮುಖ್ಯಸ್ಥ. "ಪಾನಿ, ಹಕ್, ಔರತ್. ಸಬ್ ಕುಛ್ ಹೈ." ನೀರು, ಹಕ್ಕು, ಹೆಣ್ಣು ಎಲ್ಲ ಒಂದೇ ಚಿತ್ರದಲ್ಲಿ ಸಿಕ್ಕಿದ್ದವು ಅವನಿಗೆ.

ನಮ್ಮಲ್ಲಿ ಒಬ್ಬರು, ಇದಕ್ಕೆ ಯಾರದಾದರೂ ಒಪ್ಪಿಗೆ ಕೇಳಬೇಕೇ ಎಂದರು. "ಕಿಸ್ ಕೋ ಪೂಛೇಂಗೇ? ಫೋಟೋಗ್ರಾಫರ್ ಗಯಾ. ಯೇ ತೋ ಹಿಸ್ಟರಿ ಹೈ, ಸಬ್ ಕೀ ಹೈ" ಎಂದ, ಫೋಟೋ ತೆಗೆದವನೇ ಸತ್ತ ಮೇಲೆ ಕೇಳುವುದು ಯಾರನ್ನು, ಇತಿಹಾಸ ಎಲ್ಲರದು ಎಂಬಂತೆ. ಅವನು ಕೆಟ್ಟವನಲ್ಲ. ಆ ಚಿತ್ರ ನೋಡಿ ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು.

ಜಾಹೀರಾತಿನ ಸಾಲು ಹೀಗಿತ್ತು: 'ಅಂದು ಅವರು ನೀರಿಗಾಗಿ ನಡೆದರು. ಇಂದು ನೀವು ನಡೆಯಬೇಕಿಲ್ಲ. ಶುದ್ಧ ನೀರು ಎಲ್ಲರ ಹಕ್ಕು.' ಕನ್ನಡ ನನ್ನದು. ಇಂಗ್ಲಿಷಿನ 'ಕ್ಲೀನ್' ಎಂಬುದಕ್ಕೆ ಚೊಕ್ಕ, ಸ್ವಚ್ಛ, ತಿಳಿ ಎಂದೆಲ್ಲ ಬರೆದು ನೋಡಿ, ಕೊನೆಗೆ 'ಶುದ್ಧ'ವನ್ನು ಆರಿಸಿದ್ದೆ. ಕಿವಿಗೆ ತೂಕವಾಗಿ ಕೇಳುತ್ತಿತ್ತು. ಕನ್ನಡ ಪತ್ರಿಕೆಗಳಲ್ಲಿ ಪೂರ್ತಿ ಪುಟ ಬಂತು. ಹುಬ್ಬಳ್ಳಿ, ವಿಜಯಪುರದ ರಸ್ತೆಗಳಲ್ಲಿ ದೊಡ್ಡ ಫಲಕಗಳು ನಿಂತವು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಕನ್ನಡ ಎಂದೂ ಅಚ್ಚಾಗಿರಲಿಲ್ಲ.

ರವಿವಾರ ಪತ್ರಿಕೆ ಹಿಡಿದು ಓಡುತ್ತಲೇ ಮೇಲೆ ಹೋದೆ. ಅಕ್ಕೋರು ಅಕ್ಕಿ ಆರಿಸುತ್ತ ಕೂತಿದ್ದರು. ಕೈ ಒರೆಸಿಕೊಂಡು ಪೆನ್ನು ತೆಗೆದರು, ಕ್ಯಾಪು ಬಿಚ್ಚಿದರು, ಪುಟ ಬಿಡಿಸಿದರು. ಆಮೇಲೆ ಪೆನ್ನು ಅಲ್ಲೇ ನಿಂತಿತು. ಬೆರಳಿನ ತುದಿಯಿಂದ ಒಬ್ಬ ಹೆಂಗಸಿನ ಮುಖವನ್ನು ಮುಟ್ಟಿದರು.

"ಇದು ನಮ್ಮವ್ವ," ಎಂದರು.

ನಾನು ಪುಟದ ಮೇಲೆ ಬಗ್ಗಿದೆ. ಅವರ ಬೆರಳು ಪಕ್ಕದ ಪುಟ್ಟ ಹುಡುಗಿಯ ಮೇಲೆ ಸರಿಯಿತು.

"ಇದು ನಾನು. ಒಂಬತ್ತು ವರ್ಷ. ಬಿಟ್ಟು ಬರಾಕ ಮನ್ಯಾಗ ಯಾರೂ ಇರಲಿಲ್ಲ, ಅದಕ್ಕ ಕರಕೊಂಡು ಹೋಗಿದ್ಲು. ನಮ್ಮವ್ವಂದು ಒಂದೂ ಫೋಟೋ ಇಲ್ಲ ನನ್ನ ಹಂತ್ಯಾಕ. ಆಕೀ ಮಾರಿ ನಾ ಮರ್ತಿದ್ನೆವಾ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡ ಮೇಲೆ ಕೆಳಗಿನ ಸಾಲು ಓದಿದರು. ಎರಡು ಸಲ ಓದಿದರು. ಪೆನ್ನಿಗೆ ಕ್ಯಾಪು ಹಾಕಿ ಪಕ್ಕಕ್ಕಿಟ್ಟರು.

"ಶುದ್ಧ ಅಂತ ನೀ ಬರದ್ಯೇನು?"

"ಹೌದ್ರಿ."

"ಕೇಳಿಲ್ಲಿ. ನಮ್ಮೂರ ಕೆರಿ ನೀರು ಹೊಲಸಿತ್ತು ಅಂತ ನಾವು ನಡದು ಹೋಗಿರಲಿಲ್ಲ. ತಿಳಿ ಎಳನೀರು ಇದ್ದಂಗಿತ್ತು ಅದು. ನಾವು ಮುಟ್ಟಿದ್ರ ಹೊಲಸಾಗತೈತಿ ಅಂತಿದ್ರು. ದಂಡಿ ಮ್ಯಾಲ ಕೊಡ ಇಟ್ಟು ನಿಂದ್ರಬೇಕು. ಯಾರಿಗರೆ ಕನಿಕರ ಬಂದ್ರ ಮ್ಯಾಲಿಂದ ಹೊಯ್ತಿದ್ರು. ಆವತ್ತ ನಮ್ಮ ಹೆಣ್ಮಕ್ಕಳು ಯಾರನ್ನೂ ಕೇಳದ ಮೆಟ್ಟಲಾ ಇಳದ್ರು. ಮರುದಿನ ಊರವರು ಕೆರಿಗೆ ಗಂಜಲ ಹೊಯ್ದು, ಮಂತ್ರಾ ಹೇಳಿಸಿ, ಕೆರಿ ಶುದ್ಧ ಆತು ಅಂತ ಡಂಗುರಾ ಹೊಡಿಸಿದ್ರು." ಚಿತ್ರದ ಮೇಲೆ ಕೈಯಾಡಿಸಿ ಹೇಳಿದರು: "ಹಲಗಿ ಬಡದಾಂವ ನಮ್ಮ ಸೋದರಮಾವ. ಊರ ಚಾಕರಿ, ಇಲ್ಲ ಅನ್ನಾಕ ಬರ್ತಿರಲಿಲ್ಲ. ಬಡಕೋತ ಅಳಕೋತ ನಮ್ಮ ಓಣಿ ಮುಂದ ಹಾದು ಹ್ವಾದ. ಶುದ್ಧ ಅನ್ನೂ ಶಬ್ದ ನಾ ಮೊದಲ ಕೇಳಿದ್ದು ಅಂವನ ಬಾಯಾಗ."

ಅವರು ಪತ್ರಿಕೆಯನ್ನು ಮಡಚಿದರು. ನನ್ನ ಸಾಲುಗಳು ಒಳಗೆ ಹೋಗಿ ಚಿತ್ರ ಮಾತ್ರ ಮೇಲೆ ಉಳಿಯುವಂತೆ, ಅಳತೆ ಮಾಡಿ ಮಡಚಿದರು. "ನಿಮ್ಮ ಆಫೀಸು ಬಾಂದ್ರಾದಾಗ ಐತಿ ಅಲ್ಲೇನು? ನಾಳಿಗೆ ನನ್ನ ಕರಕೊಂಡು ಹೋಗು."

ಹೂಂ ಎಂದೆ. ಮಾರನೆಯ ದಿನ ಅವರಿಗೆ ಹೇಳದೆ, ದಿನದ ಹೊತ್ತಿಗಿಂತ ಒಂದು ತಾಸು ಮೊದಲೇ ಸ್ಟೇಷನ್ನಿಗೆ ಹೋಗಿ ಲೋಕಲ್ ಹತ್ತಿದೆ. ಮಂಗಳವಾರವೂ ಹಾಗೇ ಮಾಡಿದೆ. ಸಂಜೆ ಬಂದಾಗ ಮೆಟ್ಟಿಲ ಕಡೆ ನೋಡದೆ ಬಾಗಿಲು ಹಾಕಿಕೊಂಡೆ. ನನಗೆ ನನ್ನ ನೌಕರಿಯ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಅವರನ್ನು ಅಲ್ಲಿಗೆ ಕರೆದೊಯ್ದರೆ ಆ ಶಬ್ದವನ್ನು ಆರಿಸಿದ್ದು ನಾನು ಎಂದು ಎಲ್ಲರೆದುರು ಒಪ್ಪಬೇಕಾಗುತ್ತದೆ ಎಂಬ ಹೆದರಿಕೆ. ಬಾಗಿಲು ಹಾಕಿಕೊಂಡು ಕೂತಾಗ ಆ ಮೇ ತಿಂಗಳ ರವಿವಾರ ನೆನಪಾಗುತ್ತಿತ್ತು. ಬಾಯಾರಿದ ಹುಡುಗಿ ಬರುವತನಕ ಪುಟದಲ್ಲಿ ಬೆರಳಿಟ್ಟು ಕಾದಿದ್ದವರು, ಈಗಲೂ ಕಾಯುತ್ತಿದ್ದರು.

ಬುಧವಾರ ಹನ್ನೊಂದು ಗಂಟೆಗೆ ಆಫೀಸಿನ ರಿಸೆಪ್ಷನ್ನಿಂದ ಫೋನು ಬಂತು. "ಏಕ್ ಆಂಟಿ ಆಯೀ ಹೈ. ಬೋಲ್ ರಹೀ ಹೈ, ಮೈ ತುಮ್ಹಾರೇ ಆ್ಯಡ್ ಮೇ ಹೂಂ." ನಾನು ನಿಮ್ಮ ಜಾಹೀರಾತಿನಲ್ಲಿದ್ದೇನೆ ಎನ್ನುವ ಹೆಂಗಸೊಬ್ಬರು ಬಂದಿದ್ದರು.

ಕೆಳಗೆ ಹೋದೆ. ಅಕ್ಕೋರು ಇಳಕಲ್ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಮೆತ್ತನೆಯ ಸೋಫಾದ ಅಂಚಿಗೆ ನೆಟ್ಟಗೆ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು, ಆ ಗದ್ದಲದ ಲೋಕಲ್‌ನಲ್ಲಿ ಒಬ್ಬರೇ ಬಂದಿದ್ದರು. ನನ್ನನ್ನು ನೋಡಿ ಬೈಯಲಿಲ್ಲ. "ಗಾಡ್ಯಾಗ ಸೀಟು ಸಿಕ್ತು," ಎಂದರು.

ಆ ದಿನ ನೀರಿನ ಯಂತ್ರದ ಕಂಪನಿಯವರೂ ಬಂದಿದ್ದರು. ಅವರ ಕಡೆಯಿಂದ ಜಾಹೀರಾತು ನೋಡಿಕೊಳ್ಳುತ್ತಿದ್ದವಳು ಇಪ್ಪತ್ತೆಂಟು ವರ್ಷದ ಒಬ್ಬ ಹುಡುಗಿ. ವಿಷಯ ಕೇಳಿದ್ದೇ ನಮ್ಮ ಮುಖ್ಯಸ್ಥ ಅಕ್ಕೋರನ್ನು ಮೀಟಿಂಗ್ ರೂಮಿಗೆ ಕರೆಸಿ, ಕೈಮುಗಿದು, ಎದುರಿಗೆ ಕೂರಿಸಿದ. ಅವನ ಮುಖ ಅರಳಿತ್ತು. ಫೋಟೋದಲ್ಲಿನ ಹುಡುಗಿಯೇ ಬಂದಿದ್ದಾಳೆ. ಅಂದು ಕೆರೆ, ಇಂದು ಅವಳ ಕೈಯಲ್ಲಿ ನಮ್ಮ ಯಂತ್ರದ ಒಂದು ಗ್ಲಾಸು ನೀರು. ಒಂದು ಫಿಲ್ಮ್ ಮಾಡೋಣ, ಇಡೀ ದೇಶ ಅಳುತ್ತದೆ ಎಂದು ಅವನು ಹಿಂದಿಯಲ್ಲಿ ಹೇಳುತ್ತ ಹೋದ. ಅಕ್ಕೋರು ಪೂರ್ತಿ ಕೇಳಿಸಿಕೊಂಡರು. ಅರವತ್ತು ವರ್ಷ ಮುಂಬಯಿಯಲ್ಲಿದ್ದವರಿಗೆ ಹಿಂದಿ ಅರ್ಥವಾಗದ್ದೇನಲ್ಲ. ಆದರೂ ನನ್ನ ಕಡೆ ತಿರುಗಿ, "ನೀವು ಬರದದ್ದು ಕನ್ನಡದಾಗ. ಮಾತೂ ಕನ್ನಡದಾಗ ಆಗಲಿ. ನೀ ಹೇಳು ಅವರಿಗೆ" ಎಂದರು.

ಇಪ್ಪತ್ತು ವರ್ಷ ನಾನು ಆಫೀಸಿನವರ ಭಾಷೆಯನ್ನು ಕನ್ನಡಕ್ಕೆ ತಂದಿದ್ದೆ. ಕನ್ನಡವನ್ನು ಅವರಿಗೆ ಮುಟ್ಟಿಸಿದ್ದು ಅದೇ ಮೊದಲು. ಅಕ್ಕೋರು ಒಂದೊಂದೇ ವಾಕ್ಯ ಹೇಳಿ ನಿಲ್ಲುತ್ತಿದ್ದರು, ಶುದ್ಧಬರಹ ಹೇಳಿ ಬರೆಸುವಾಗ ನಿಲ್ಲುತ್ತಿದ್ದಂತೆಯೇ. ಮೆಟ್ಟಿಲು ಇಳಿದದ್ದು ಹೇಳಿದರು. ಅಂದು ಸಂಜೆ ಊರ ಗಂಡಸರು ಬಂದು ದುರಗವ್ವ ಎಂಬಾಕೆಯ ಕಪಾಳಕ್ಕೆ ಹೊಡೆದದ್ದು, ಆಕೆಗೆ ಆ ಕಿವಿ ಕಡೆಯತನಕ ಕೇಳಿಸದೇ ಹೋದದ್ದು ಹೇಳಿದರು. ಹೊಲದ ಕೆಲಸ ಬಂದ್ ಆದದ್ದು, ಅಂಗಡಿಯವರು ಉಪ್ಪು ಕೊಡದೇ ಹೋದದ್ದು, ಅದಕ್ಕೇ ನಾಲ್ಕು ಮನೆಗಳು ಮುಂಬಯಿಗೆ ಬಂದದ್ದು. ಕೆರೆ ಶುದ್ಧ ಮಾಡಿದ್ದು ಬಂದಾಗ ನಾನು ಅದನ್ನು ಹಿಂದಿಯಲ್ಲಿ, ಆಮೇಲೆ ಒಂದಷ್ಟು ಪೂಜೆ ಮಾಡಿದರು ಎಂದು ಮೆತ್ತಗೆ ದಾಟಿಸಿಬಿಟ್ಟೆ.

ಅಕ್ಕೋರು ಕೈ ಎತ್ತಿದರು. "ನಾ ಪೂಜಿ ಅಂದೆನೇನು? ನಾ ಅಂದದ್ದು ಹೇಳು."

ನಾನು ಹೇಳಿದೆ. ಗಂಜಲವನ್ನೂ ಹೇಳಿದೆ, ಹಲಗೆ ಬಡಿದ ಮಾವನನ್ನೂ ಹೇಳಿದೆ. ಕೊನೆಗೆ, "ಆ ಶಬ್ದವನ್ನು ಕನ್ನಡದಲ್ಲಿ ಆರಿಸಿದವಳು ನಾನೇ. ಈ ಅಕ್ಕೋರೇ ನನಗೆ ಅಕ್ಷರ ಕಲಿಸಿದ್ದು" ಎಂದೂ ಹೇಳಿದೆ. ಅದು ಅವರು ಹೇಳಿಸಿದ ವಾಕ್ಯವಲ್ಲ. ಅಕ್ಕೋರು ಅದನ್ನು ತಿದ್ದಲಿಲ್ಲ.

ನಮ್ಮ ಮುಖ್ಯಸ್ಥ ಸಾವರಿಸಿಕೊಂಡು, ಶಬ್ದ ಬದಲಿಸೋಣ, ಸಣ್ಣ ವಿಷಯ ಎಂದ. ಆಗ ಆ ಕಂಪನಿಯ ಹುಡುಗಿ ಬಾಯಿಬಿಟ್ಟಳು. "ನಂಗೆ ಕನ್ನಡ... ಅರ್ಥ ಆಗುತ್ತೆ," ಎಂದಳು, ಒಂದೊಂದೇ ಶಬ್ದ ಹುಡುಕಿಕೊಂಡು. "ನಮ್ಮ ಅಮ್ಮ ಅಪ್ಪ ಮೈಸೂರು. ಮಾತಾಡೋಕೆ ಸ್ವಲ್ಪ... ಸಾರಿ. ನಿಮಗೆ ಏನು ಬೇಕು, ಹೇಳಿ. ನಾನು ಟ್ರೈ ಮಾಡ್ತೀನಿ."

ಅಕ್ಕೋರು ಅವಳ ಕಡೆ ತಿರುಗಿ ಕೂತರು. "ನೀರಿನ ಮಷಿನ್ ಮಾರ್ರಿ ತಂಗಿ, ನಾ ಬ್ಯಾಡ ಅನ್ನೂದಿಲ್ಲ. ನಮ್ಮ ಮನ್ಯಾಗೂ ಒಂದೈತಿ, ನಿಮ್ಮದಲ್ಲ, ಬ್ಯಾರೆ ಕಂಪನೀದು. ಅದರ ಗುಣಾ ಹೇಳಿ ಮಾರ್ರಿ. ನಮ್ಮವ್ವನ ಸೊಂಟದ ಮ್ಯಾಲಿನ ಕೊಡಾ ತೋರಿಸಿ ಮಾರಬ್ಯಾಡ್ರಿ. ಆಕಿ ಇಳದದ್ದು ನೀರು ಕೊಳ್ಳಾಕಲ್ಲ." ಕೈಚೀಲ ಎತ್ತಿಕೊಳ್ಳುತ್ತ, "ಮತ್ತ ಒಂದು ಮಾತು. ಇದನ್ನ ಅಳೂ ಕಥಿ ಮಾಡಬ್ಯಾಡ್ರಿ. ನಮ್ಮ ಹೆಣ್ಮಕ್ಕಳು ಮತ್ತ ಇಳದ್ರು. ಎರಡನೇ ಸಲ ಕಲ್ಲು ಬಿದ್ವು. ಮೂರನೇ ಸಲ ಬೈದ್ರು. ನಾಕನೇ ಸಲ ತಡಿಯಾಕ ಯಾರೂ ಬರಲಿಲ್ಲ. ಇಂದಿಗೂ ಅಲ್ಲಿ ಎಲ್ಲಾರೂ ತುಂಬತಾರ."

ಒಂದು ಲೋಟ ನೀರು ಕೇಳಿ ಕುಡಿದು, ಎದ್ದರು.

ಫಲಕಗಳು ಒಂದೇ ದಿನಕ್ಕೆ ಇಳಿಯಲಿಲ್ಲ. ಎರಡು ವಾರ ಹಿಡಿಯಿತು. ಆ ಹುಡುಗಿ ತನ್ನ ಕಂಪನಿಯ ದೊಡ್ಡವರೊಡನೆ ವಾದ ಮಾಡಬೇಕಾಯಿತು ಎಂದು ಆಮೇಲೆ ತಿಳಿಯಿತು. ತಪ್ಪಾಯಿತು ಎಂದು ಯಾರೂ ಅಚ್ಚು ಹಾಕಿಸಲಿಲ್ಲ, ಮುಂದಿನ ಪುಟಗಳು ಬರುವುದು ನಿಂತಿತು ಅಷ್ಟೇ. ನಮ್ಮ ಮುಖ್ಯಸ್ಥ ನನ್ನ ಜೊತೆ ಕೆಲವು ತಿಂಗಳು ಬಿಗಿಯಾಗಿಯೇ ಇದ್ದ. ಒಂದು ದಿನ ಕ್ಯಾಂಟೀನಿನಲ್ಲಿ ತಾನಾಗಿ ಎದುರಿಗೆ ಕೂತು, "ವೋ ಚೌಥೀ ಬಾರ್ ವಾಲೀ ಬಾತ್ ಮೈ ಭೂಲ್ ನಹೀಂ ಪಾತಾ" ಎಂದ. ನಾಲ್ಕನೆಯ ಸಲ ಇಳಿದ ಆ ಮಾತನ್ನು ಮರೆಯಲಾಗುತ್ತಿಲ್ಲವಂತೆ. ಅವನ ನಾಡಿನಲ್ಲೂ ಅಂಥದೊಂದು ಬಾವಿ ಇದ್ದಿರಬೇಕು. ನಾನು ಕೇಳಲಿಲ್ಲ.

ಮನೆಯಲ್ಲಿ ನನ್ನ ಅವ್ವನಿಗೆ ಎಲ್ಲ ಹೇಳಿದೆ. ಮೂರನೆಯ ದಿನ, ಮಂಡಿನೋವಿನ ಅವ್ವ, ಕೊಬ್ಬರಿ ಹೋಳು ಕೊಟ್ಟು ಬರುತ್ತೇನೆಂದು ಮೂರು ಮಹಡಿ ಹತ್ತಿ ಹೋದಳು. ಅಲ್ಲಿ ಏನು ಮಾತಾಯಿತೋ ಅವಳು ಹೇಳಲಿಲ್ಲ. ಅಕ್ಕೋರು ಹೇಳಿದರು: "ನಿಮ್ಮವ್ವ ಬಂದು ನೀರು ಕೊಡ್ರಿ ಅಂದ್ಲು. ಎರಡು ಗ್ಲಾಸು ಕುಡದ್ಲು. ಒಂದು ಸಾಕಿತ್ತು."

ಜೂನ್ ತಿಂಗಳಲ್ಲಿ ಒಂದು ರವಿವಾರ ನೀರಿನ ಕಂಪನಿಯ ಆ ಹುಡುಗಿ ದಹಿಸರ್‌ಗೆ ಬಂದಳು. ಕೈಯಲ್ಲಿ ಕಾಗದ ಸುತ್ತಿದ ಚೌಕಟ್ಟು. ಚಿತ್ರಸಂಗ್ರಹದವರ ಬೆನ್ನುಬಿದ್ದು ಆ ಫೋಟೋದ ಪೂರ್ತಿ ಪ್ರತಿಯನ್ನು ದೊಡ್ಡದಾಗಿ ತೆಗೆಸಿದ್ದಳು. ಅಕ್ಕೋರು ಅದನ್ನು ಗೋಡೆಗೆ ಒರಗಿಸಿ, ತಾವು ನೆಲದ ಮೇಲೆ ಅದರೆದುರು ಕೂತರು. ಆಮೇಲೆ ಹುಡುಗಿಯ ಕೈಗೆ ಒಂದು ವಹಿ ಕೊಟ್ಟು, "ಹೆಸರಾ ಬರಕೋ," ಎಂದರು.

"ಆಂಟಿ, ಕನ್ನಡ ಬರಿಯೋಕೆ ಬರಲ್ಲ. ಇಂಗ್ಲಿಷಲ್ಲಿ ಬರೀಲಾ?"

"ಬರದ್ರ ಬರತೈತಿ. ಈಕಿ ಅಕ್ಷರ ತೋರಿಸ್ತಾಳ."

ಎಡದಿಂದ ಬಲಕ್ಕೆ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಅಕ್ಕೋರು ಹೇಳುತ್ತ ಹೋದರು. ಯಮನವ್ವ. ದುರಗವ್ವ. ಕರಿಯವ್ವ. ಇಬ್ಬರು ಲಕ್ಕವ್ವ, ಒಬ್ಬಾಕಿ ಎತ್ತರದಾಕಿ, ಒಬ್ಬಾಕಿ ಹಾಡಾಕಿ. ಒಬ್ಬಳ ಮೇಲೆ ಬೆರಳು ತಡೆಯಿತು, ಕಣ್ಣು ಮುಚ್ಚಿ ನೆನಪಿಸಿಕೊಂಡು, "ಸಾಯವ್ವ," ಎಂದರು, "ಸಣ್ಣಾಕಿ." ಭೀಮವ್ವ, ಅವರ ಅವ್ವ. ಹನ್ನೊಂದು ಹೆಸರು ಬರೆಯಲು ಮಧ್ಯಾಹ್ನವಾಯಿತು. ಹುಡುಗಿ ಅಕ್ಕೋರ ಹೆಸರನ್ನೂ ಬರೆಯಹೊರಟಾಗ ಅವರು ಬೇಡವೆಂದರು. "ನನಗ ಏನೂ ತಿಳೀತಿರಲಿಲ್ಲ ಆವಾಗ. ಭೀಮವ್ವನ ಮಗಳು ಅಂತ ಬರಿ, ಸಾಕು." ಅದಕ್ಕೇ ನಾನೂ ಇಲ್ಲಿ ಅವರ ಹೆಸರು ಬರೆದಿಲ್ಲ.

ಆ ಹುಡುಗಿ ಮುಂದಿನ ರವಿವಾರವೂ ಬಂದಳು, ಅದರ ಮುಂದಿನದಕ್ಕೂ ಬಂದಳು. ಮೂರು ವರ್ಷ ಅಕ್ಕೋರ ಹತ್ತಿರ ಕನ್ನಡ ಕಲಿತಳು. ಈಗ ಕಂಪನಿಯ ಕನ್ನಡ ಜಾಹೀರಾತುಗಳನ್ನು ನನಗೆ ಕಳಿಸುವ ಮೊದಲು ತಾನೇ ಒಮ್ಮೆ ಓದುತ್ತಾಳೆ, ಅನುಮಾನ ಬಂದರೆ ಫೋನು ಮಾಡುತ್ತಾಳೆ. ಹಳೆಯ ಹೋರಾಟದ ಚಿತ್ರವೊಂದನ್ನು ಪಾದರಕ್ಷೆಯ ಜಾಹೀರಾತಿಗೆ ಬಳಸಬೇಕೆಂದು ನಮ್ಮಲ್ಲೇ ಮತ್ತೊಬ್ಬರು ತಂದಾಗ, ಇದರಲ್ಲಿರುವವರು ಯಾರು, ಅವರ ಮನೆಯವರನ್ನು ಕೇಳಿದ್ದೀರಾ ಎಂದು ನಾನು ಕೇಳಿದೆ. ನಾನು ಕೇಳಿ ಮುಗಿಸುವ ಮೊದಲೇ ಮುಖ್ಯಸ್ಥ ಬೇಡವೆಂದು ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟಿದ್ದ. ಜಗತ್ತೇನೂ ಬದಲಾಗಿಲ್ಲ, ಬೇರೆ ಕಂಪನಿಯೊಂದು ಆ ಚಿತ್ರವನ್ನು ಬಳಸಿತು. ಆದರೂ ನಮ್ಮ ಟೇಬಲ್ಲಿಗೆ ಬಂದದ್ದು ನಮ್ಮ ಟೇಬಲ್ಲಿನಲ್ಲಿ ನಿಂತಿತು.

ಅಕ್ಕೋರು ಹೋದ ವರ್ಷ ದೀಪಾವಳಿಯ ಮುಂಚೆ ತೀರಿಕೊಂಡರು. ನಾಲ್ಕು ದಿನದ ಜ್ವರ. ಕೊನೆಯ ದಿನ ಬೆಳಿಗ್ಗೆ ನಾನು ಗಂಜಿ ಒಯ್ದಾಗ ಎರಡು ಚಮಚ ಕುಡಿದು, ಉಪ್ಪು ಕಡಿಮೆಯಾಗಿದೆ ಎಂದರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಹಾಲ್‌ನಲ್ಲೇ ಒಂದು ಸಭೆ ಮಾಡಿದೆವು. ಮುಂಬಯಿಯ ಕನ್ನಡ ಪತ್ರಿಕೆಗೆ ಸುದ್ದಿ ಕೊಟ್ಟಾಗ ಅವರ ಹುಟ್ಟೂರಿನ ಹೆಸರನ್ನೂ ಹಾಕಿಸಿದ್ದೆ. ವೇದಿಕೆಯ ಮೇಲೆ ಅವರ ಫೋಟೋ, ಅದರ ಪಕ್ಕ ಆ ಕೆರೆಯ ಚಿತ್ರ, ಕೆಳಗೆ ಹುಡುಗಿಯ ಕೈಬರಹದ ಹನ್ನೊಂದು ಹೆಸರು.

ಮಾತುಗಳೆಲ್ಲ ಮುಗಿದು ಜನ ಚದುರುತ್ತಿದ್ದಾಗ, ಮೊಮ್ಮಗಳ ಭುಜ ಹಿಡಿದುಕೊಂಡು ಒಬ್ಬ ಮುದುಕಿ ನಿಧಾನವಾಗಿ ವೇದಿಕೆಯ ಹತ್ತಿರ ಬಂದರು. ಕಲ್ಯಾಣದ ಕಡೆಯಿಂದ ಬಂದಿದ್ದರು. ಪತ್ರಿಕೆಯಲ್ಲಿ ತಮ್ಮೂರ ಹೆಸರು ಬಂದಿದೆ ಎಂದು ಮೊಮ್ಮಗಳು ಓದಿ ಹೇಳಿದ್ದಳಂತೆ. ಚಿತ್ರದೆದುರು ನಿಂತು ಬಹಳ ಹೊತ್ತು ನೋಡಿದರು.

"ಎಷ್ಟು ಮಂದೀ ಹೆಸರು ಬರದೀರಿ?"

"ಹನ್ನೊಂದು ಅಜ್ಜಿ."

"ಹನ್ನೆರಡು ಮಂದಿ ಇಳದಿದ್ವಿ." ಚೌಕಟ್ಟಿನ ಬಲ ಅಂಚನ್ನು ತೋರಿಸಿದರು. ಅಲ್ಲಿ ಒಂದು ಕೈ, ಬಳೆ, ನೀರಲ್ಲಿ ಅರ್ಧ ಮುಳುಗಿದ ಕೊಡದ ಬಾಯಿ. ಅಷ್ಟು ವರ್ಷ ಆ ಚಿತ್ರ ನೋಡಿದ್ದ ನಾನಾಗಲಿ ಆ ಹುಡುಗಿಯಾಗಲಿ ಅದನ್ನು ಕಂಡಿರಲಿಲ್ಲ. ಅಕ್ಕೋರಿಗೂ ಅದು ಕಾಣದೆ ಹೋಗಿತ್ತು. "ಇದು ನನ್ನ ಕೈ. ಫೋಟೋ ತಗಿಯಾಂವ ಒಳಗ ಸರಿ ಅಂದ. ನಾ ಸರೀಲಿಲ್ಲ. ನಾ ಕೊಡಾ ತುಂಬಾಕತ್ತಿದ್ನಿ."

"ಹೆಸರು ಹೇಳ್ರಿ ಅಜ್ಜಿ," ಎಂದೆ.

"ಕಾಶವ್ವ."

ಕಂಪನಿಯ ಹುಡುಗಿ ಪೆನ್ನು ತೆಗೆದು ಹನ್ನೆರಡನೆಯ ಹೆಸರು ಬರೆದಳು. ಮುದುಕಿ ಮೊಮ್ಮಗಳಿಂದ ಅದನ್ನು ಓದಿಸಿ ಕೇಳಿ, ಸರಿ ಇದೆ ಎಂಬಂತೆ ತಲೆಯಾಡಿಸಿದರು. ಆಮೇಲೆ, "ಇವರೊಳಗ ಯಾರರೆ ಅದಾರೇನು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ನಾವು ಯಾರೂ ಹುಡುಕಿರಲಿಲ್ಲ.

"ಹುಡುಕೂಣು," ಎಂದರು. "ಕರಿಯವ್ವನ ಮಗ ಭಿವಂಡ್ಯಾಗ ಅದಾನ. ಸಾಯವ್ವಂದು ನನಗ ಗೊತ್ತಿಲ್ಲ, ಆಕಿ ತಂಗಿ ಊರಾಗ ಇದ್ದಾಳು." ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕೂತು, ಕೋಲನ್ನು ಕಾಲ ನಡುವೆ ಇಟ್ಟುಕೊಂಡು, ನಮ್ಮಿಬ್ಬರನ್ನೂ ಎದುರಿಗೆ ಕೂರಲು ಸನ್ನೆ ಮಾಡಿದರು. "ಬರಕೋರಿ, ನಾ ಹೇಳ್ತೀನಿ."